ಕಂತು ತೀರದ ಸುಖ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸಂಬಳ ಬಂದ ಹತ್ತು ದಿನಕ್ಕೇ ಅರ್ಧ ಕರಗುತ್ತದೆಂದೂ, ಜೊತೆಗೆ ಓದಿದವರೆಲ್ಲ ಮುಂದೆ ಹೋಗಿ ನೀನೊಬ್ಬಳೇ ಹಿಂದೆ ಉಳಿದಂತೆ ಅನ್ನಿಸುತ್ತದೆಂದೂ ಬರೆದಿದ್ದೀಯೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು; ಆದರೆ ಆ ಗಾದೆಯನ್ನು ಹೇಳುವವರ ಹಾಸಿಗೆ ಸಾಮಾನ್ಯವಾಗಿ ಉದ್ದವಾಗಿಯೇ ಇರುವುದನ್ನು ಕಂಡಿದ್ದೇನೆ. ಬಾಡಿಗೆಗೆ, ಔಷಧಿಗೆ, ಹೊಟ್ಟೆಪಾಡಿಗೇ ಹಣ ಸಾಲದಿದ್ದರೆ ಅದು ಹೆಚ್ಚಿನ ಸಂಬಳ ಕೇಳಬೇಕಾದ ಹೊತ್ತು, ಅಲ್ಲಿ ತೃಪ್ತಿಯ ಪಾಠ ಹೇಳುವುದು ಕ್ರೌರ್ಯ. ನೀನು ಕಳಿಸಿದ ಲೆಕ್ಕ ನೋಡಿದರೆ ನಿನ್ನ ಸ್ಥಿತಿ ಹಾಗಿಲ್ಲ. ನಿನ್ನನ್ನು ಕಾಡುತ್ತಿರುವುದು ಕೊಳ್ಳಲಾಗದ ವಸ್ತುಗಳು.

ನಿನ್ನ ವಯಸ್ಸಿನಲ್ಲಿ ನಾನು ಕಂತಿನ ಮೇಲೆ ಒಂದು ಕ್ಯಾಮೆರಾ ಕೊಂಡೆ. ಮೊದಲ ತಿಂಗಳು ಕಂಡದ್ದನ್ನೆಲ್ಲ ತೆಗೆದೆ, ಎರಡನೆಯ ತಿಂಗಳು ಹಬ್ಬ ಹರಿದಿನಕ್ಕೆ ಮಾತ್ರ. ಕೊನೆಯ ಕಂತು ಕಟ್ಟಿ ಬಂದ ದಿನ ಬೀರುವಿನ ಮೇಲಿಂದ ಇಳಿಸಿದರೆ ಅದರ ಚರ್ಮದ ಚೀಲಕ್ಕೆ ಬೂಷ್ಟು ಹಿಡಿದಿತ್ತು. ಇದು ನನ್ನೊಬ್ಬನ ಚಪಲವೆಂದು ಬಹಳ ಕಾಲ ನಾಚಿಕೊಂಡಿದ್ದೆ. 1978ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ದೊಡ್ಡ ಲಾಟರಿ ಗೆದ್ದ 22 ಮಂದಿಯನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದ ವಿಷಯ ಓದಿದ ಮೇಲೆ ನಾಚಿಕೆ ಕಡಿಮೆಯಾಯಿತು. ಗೆದ್ದವರು ಇತರರಿಗಿಂತ ಹೆಚ್ಚು ಸುಖವಾಗಿರಲಿಲ್ಲ. ಮೇಲಾಗಿ ಗೆಳೆಯರೊಡನೆ ಮಾತು, ಒಂದು ನಗೆಹನಿ, ಪತ್ರಿಕೆಯ ಓದು ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ರುಚಿಯೂ ಇತರರಿಗಿಂತ ಕಡಿಮೆಯಾಗಿತ್ತು. ಇಪ್ಪತ್ತೆರಡು ಜನರ ಮೇಲೆ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ನನ್ನ ಕ್ಯಾಮೆರಾ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಆದ್ದರಿಂದ ಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಒಂದು ತಿಂಗಳು ಡಬ್ಬಿಯಲ್ಲಿಡು. ತಿಂಗಳಾದ ಮೇಲೂ ಬೇಕೆನಿಸಿದರೆ, ಕೈಯಲ್ಲಿ ಹಣವೂ ಇದ್ದರೆ, ಸಂಕೋಚವಿಲ್ಲದೆ ಕೊಂಡುಕೋ. ನನ್ನ ಡಬ್ಬಿಯ ಹಳೆಯ ಚೀಟಿಗಳನ್ನು ಓದಿದರೆ ಇದನ್ನು ಬರೆದವನು ಯಾರಪ್ಪ ಎಂದು ನನಗೇ ನಗು ಬರುತ್ತದೆ.

ಖರ್ಚಿಲ್ಲದ ಸುಖಕ್ಕೂ ಅಭ್ಯಾಸ ಬೇಕು, ಮಗಳೇ. ಮಲಗುವ ಮುನ್ನ ಹತ್ತು ನಿಮಿಷ ಆಕಾಶ ನೋಡುವುದು ನನಗೆ ರೂಢಿಯಾಗಿದೆ. ಚಂದ್ರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಹುಣ್ಣಿಮೆ ಕಳೆದ ಮೇಲೆ ಒಂದು ವಾರ ಅವನಿಗಾಗಿ ಕಾದು, ಕೊನೆಗೆ ನಿದ್ದೆ ತಡೆಯಲಾರದೆ ಸೋತು ಎದ್ದುಬಂದಾಗಲೇ ಆ ಮಾತು ನನ್ನದಾಯಿತು. ಕೃತ್ತಿಕೆಯ ಗುಂಪಿನಲ್ಲಿ ಒಳ್ಳೆಯ ಕಣ್ಣಿಗೆ ಆರು ನಕ್ಷತ್ರ ಕಾಣುತ್ತವೆ. ನನಗೀಗ ನಾಲ್ಕೇ ಕಾಣುತ್ತವೆ, ಅದೂ ಕನ್ನಡಕ ಒರೆಸಿಕೊಂಡರೆ. ಚಂದ್ರನಿಲ್ಲದ ರಾತ್ರಿ ನೋಡಿ, ನಿನಗೆಷ್ಟು ಕಂಡವೆಂದು ಬರೆ.

ಇಂತಿ ನಿನ್ನ
ದೊಡ್ಡಪ್ಪ