ಡಬ್ಬಿ ಹಿಡಿದು ತಂದವರಿಗೆ ನಮಸ್ಕಾರ

ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಬಸುರಿಯರ ಮೂತ್ರ ಪರೀಕ್ಷೆಯ ಕೆಲಸಕ್ಕೆ ಈ ತಿಂಗಳು ವರ್ಷ ತುಂಬಿತು. ಮೊದಲ ನಮಸ್ಕಾರ ಆಶಾ ಕಾರ್ಯಕರ್ತೆಯರಿಗೆ. ‘ಉರಿಯಿಲ್ಲ, ನೋವಿಲ್ಲ, ನಂಗ್ಯಾಕೆ ಟೆಸ್ಟು’ ಅನ್ನುವವರನ್ನು ಒಪ್ಪಿಸುವುದು ಹುಡುಗಾಟವಲ್ಲ. ಯಾವ ತೊಂದರೆಯೂ ಕಾಣದೆ ಮೂತ್ರದಲ್ಲಿ ಸೋಂಕಿರುವ ಬಸುರಿಯರು ನೂರಕ್ಕೆ 2ರಿಂದ 10 ಮಂದಿ. ಬಸುರಿನ ಹಾರ್ಮೋನಿನಿಂದ, ಕಿಡ್ನಿಯಿಂದ ಮೂತ್ರ ಇಳಿಯುವ ನಾಳ ಸಡಿಲವಾಗಿರುತ್ತದೆ, ಮೇಲೆ ಗರ್ಭಕೋಶದ ಒತ್ತಡ, ಅದೂ ಬಲಗಡೆಗೇ ಹೆಚ್ಚು. ನಿಂತ ಮೂತ್ರದಲ್ಲಿ ರೋಗಾಣು ಬೆಳೆದು ಕಿಡ್ನಿಗೆ ಹತ್ತಿದರೆ ಚಳಿಜ್ವರ, ಪಕ್ಕೆನೋವು. ಮಗು ದಿನ ತುಂಬುವ ಮುಂಚೆ ಹುಟ್ಟಬಹುದು, ತೂಕವೂ ಕಡಿಮೆ ಇರಬಹುದು.

ಡಬ್ಬಿಯಲ್ಲಿ ಮೂತ್ರ ಹಿಡಿಯುವುದನ್ನು ಮನೆಮನೆಗೆ ಹೋಗಿ ಕಲಿಸಿದವರೂ ನೀವೇ: ಮುಂದಿನಿಂದ ಹಿಂದಕ್ಕೆ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿದು, ಮುಚ್ಚಳದ ಒಳಗೆ ಬೆರಳು ತಾಗಿಸದೆ ಮುಚ್ಚುವುದು. ಎರಡು ಗಂಟೆಯೊಳಗೆ ಲ್ಯಾಬಿಗೆ, ಆಗದಿದ್ದರೆ ಐಸ್ ಬಾಕ್ಸಿಗೆ. ಬಿಸಿಲಿಗೆ ಬಿಟ್ಟ ಡಬ್ಬಿಯಲ್ಲಿ ರೋಗಾಣು ಹೆಚ್ಚಿಕೊಂಡು, ಇಲ್ಲದ ಸೋಂಕು ಇದೆ ಅಂತ ರಿಪೋರ್ಟ್ ಬರುತ್ತದೆ. ಬಾಕ್ಸ್ ತಲುಪಿಸಿದ ಆಟೊ ಅಣ್ಣಂದಿರೇ, ನಿಮ್ಮ ಪಾಲೂ ಇದರಲ್ಲಿದೆ.

ಲ್ಯಾಬಿನವರ ಋಣ ದೊಡ್ಡದು. ಕಲ್ಚರಿನಲ್ಲಿ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ನಾಲ್ಕಾರು ಬಗೆಯವು ಬೆರೆತು ಬಂದಾಗ, ಹೊರಗಿನದು ಡಬ್ಬಿಗೆ ಸೇರಿರಬಹುದೆಂದು, ಸುಮ್ಮನೆ ಬರೆದು ಕೈತೊಳೆದುಕೊಳ್ಳದೆ, ಮತ್ತೆ ಸ್ಯಾಂಪಲ್ ಕೇಳಿದಿರಿ. ಒಂದೇ ಬಗೆಯದು ಮಿಲಿಲೀಟರಿಗೆ 1 ಲಕ್ಷ ಇದ್ದರೆ ತಾನೇ ಮದ್ದು! ಇನ್ನು ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ. ಡೆಸಿಲೀಟರಿಗೆ 1.0 ಮಿಲಿಗ್ರಾಂ ಇದ್ದರೆ ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಲೇ ಅಚ್ಚಾಗುತ್ತದೆ. ಬಸುರಿನಲ್ಲಿ ಅದು 0.4ರಿಂದ 0.8ರ ಆಸುಪಾಸಿಗೆ ಇಳಿದಿರಬೇಕು. 0.9 ದಾಟಿದ್ದಕ್ಕೆಲ್ಲ ನೀವು ಕೆಂಪು ಗೆರೆ ಎಳೆದಿದ್ದರಿಂದಲೇ ವೈದ್ಯರು ಕಿಡ್ನಿ ಕಡೆ ನೋಡಿದ್ದು. ಕಿಡ್ನಿ ಸೋತರೆ ಬಿಪಿ ಏರುತ್ತದೆ, ಮಾಸಿಗೆ ರಕ್ತ ಸಾಲದೆ ಮಗು ಸೊರಗುತ್ತದೆ.

ಸೊಂಟನೋವೆಂದು ಬಂದ ಬಸುರಿಗೆ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಕೊಡದ ಮೆಡಿಕಲ್ ಸ್ಟೋರಿನವರಿಗೂ ಧನ್ಯವಾದ. ವ್ಯಾಪಾರ ಬಿಟ್ಟುಕೊಟ್ಟ ಮಾತಲ್ಲವೇ ಅದು. 20 ವಾರ ದಾಟಿದ ಮೇಲೆ ಆ ಮಾತ್ರೆ ಮಗುವಿನ ಕಿಡ್ನಿಯನ್ನೇ ಕುಗ್ಗಿಸುತ್ತದೆ. ಮಗುವಿನ ಸುತ್ತಲ ನೀರು ಆ ಹೊತ್ತಿಗೆ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ, ನೀರು ಬತ್ತುತ್ತದೆ. ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳದೂ ಇದೇ ಕಥೆ. ಮೊದಲಿಂದ ನುಂಗುತ್ತಿದ್ದವರು ತಾವೇ ನಿಲ್ಲಿಸದೆ, ತಡಮಾಡದೆ ವೈದ್ಯರಲ್ಲಿ ಬದಲಿಸಿಕೊಳ್ಳಬೇಕು.

ಕಬ್ಬಿನ ಗದ್ದೆಗೆ ಹೋಗುವ ಸೊಸೆಗೆ ನೀರಿನ ಬಾಟಲಿ ಕಟ್ಟಿಕೊಟ್ಟ, ಉಚ್ಚೆ ತಡೆದುಕೋಬೇಡ ಅಂತ ಗದರಿದ ಅತ್ತೆಯಂದಿರಿಗೆ ಶರಣು. ಸೋಂಕಿಗೆ ಕೊಟ್ಟ ಮಾತ್ರೆಯ ಕೋರ್ಸ್ ಮುಗಿದು ಒಂದೆರಡು ವಾರಕ್ಕೆ ಮತ್ತೊಮ್ಮೆ ಕಲ್ಚರ್ ಆಗಬೇಕು, ಮರೆಯಬೇಡಿ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ತನ್ನಿ.