ಭೂಮಿ ಹುಣ್ಣಿಮೆಯ ಚಿತ್ತಾರ ಸ್ಪರ್ಧೆ: ಭವನದ ಮಾಡಿಗಾಗಿ ಒಂದು ಮನವಿ

ಮಾನ್ಯರೇ,

ಪುನರ್ವಸು ಮಳೆಯ ಒಂದು ರಾತ್ರಿ ನಮ್ಮ ಸಮುದಾಯ ಭವನದ ನಡುತೊಲೆ ಮುರಿದು, ಪಡುವಣ ದಿಕ್ಕಿನ ಮಾಡು ಒಳಕ್ಕೆ ಕುಸಿದ ಸುದ್ದಿ ನಿಮ್ಮನ್ನು ಈಗಾಗಲೇ ತಲುಪಿರಬೇಕು. ಸದ್ಯ, ಒಳಗೆ ಯಾರೂ ಇರಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಕಂಡದ್ದನ್ನು ಬರೆಯದೆ ಇರಲಾರೆ. ಹನ್ನೊಂದು ವರ್ಷದ ಸ್ಪರ್ಧೆಗಳಲ್ಲಿ ಬಹುಮಾನ ಪಡೆದ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಎಳೆಗಳಿಂದ ಬರೆಯುವ ಚಿತ್ತಾರದ ಹಲಗೆಗಳನ್ನು ಅಟ್ಟದ ಮೇಲೆ ಜೋಡಿಸಿಟ್ಟಿದ್ದೆವು. ಅವೆಲ್ಲ ಹಂಚಿನ ಚೂರುಗಳ ನಡುವೆ ನೀರಿನಲ್ಲಿ ಬಿದ್ದಿದ್ದವು. ಅಕ್ಕಿಹಿಟ್ಟಿನ ಎಳೆಗಳು ತೊಳೆದುಹೋಗಿದ್ದವು. ಕೆಮ್ಮಣ್ಣು ಕರಗಿ ಹೊಸಿಲಿನವರೆಗೂ ಹರಿದಿತ್ತು. ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದ ಮಕ್ಕಳ ಹೆಸರು, ತರಗತಿ ಮಾತ್ರ ಹಾಗೆಯೇ ಉಳಿದಿದ್ದವು.

ತಪ್ಪು ನಮ್ಮದೇ. ಮೂರು ಮಳೆಗಾಲವನ್ನು ತಾಡಪಾಲು ಹೊದಿಸಿ ದಾಟಿಸಿದೆವು. ತೊಲೆಯ ಒಳಗನ್ನು ಒರಲೆ ತಿನ್ನುತ್ತಿರುವಾಗ ನಾವು ಹೊರಗೆ ಬಣ್ಣ ಬಳಿಸಿದೆವು. ದುರಸ್ತಿಗೆ ಅನುದಾನ ಬರುತ್ತದೆಂದು ಒಂದು ಕಚೇರಿಯಿಂದ ಬಾಯಿಮಾತಿನ ಭರವಸೆ ಸಿಕ್ಕಿದ್ದನ್ನು ನೆಚ್ಚಿಕೊಂಡು ಎರಡು ಬಾರಿ ಅರ್ಜಿ ಕೊಟ್ಟು ಕುಳಿತೆವು. ಅದು ಬರಲಿಲ್ಲ. ಇನ್ನು ಕಾಯುವಂತೆಯೂ ಇಲ್ಲ. ಭೂಮಿತಾಯಿಯ ಬಯಕೆಯ ಹಬ್ಬವಾದ ಭೂಮಿ ಹುಣ್ಣಿಮೆಗೆ ಮೊದಲಿನ ಭಾನುವಾರ ಹನ್ನೆರಡನೆಯ ವರ್ಷದ ಸ್ಪರ್ಧೆ ನಡೆಯಬೇಕು. ಮಕ್ಕಳು ಹೆಸರು ಕೊಡಲು ಶುರು ಮಾಡಿದ್ದಾರೆ.

ಭವನದ ಕತೆಯನ್ನು ನಿಮಗೆ ಹೊಸದಾಗಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಮನೆ, ಗದ್ದೆ, ದೇವರ ಬನ ಎಲ್ಲವನ್ನೂ ಬಿಟ್ಟು ಎದ್ದು ಬಂದವರು ನಮ್ಮ ಹಿರಿಯರು. ತೊಲೆ, ಬಾಗಿಲು, ಹಂಚುಗಳನ್ನು ಬಿಚ್ಚಿ ಗಾಡಿಗೆ ಏರಿಸಬಹುದಿತ್ತು. ಹಸೆಗೋಡೆಯನ್ನು ಏರಿಸಲು ಬರುತ್ತಿರಲಿಲ್ಲ. ಮದುವೆಗೆಂದು ಬರೆದ ತೇರು, ಬಾಸಿಂಗ, ಗೊಂಬೆಸಾಲು ಇದ್ದ ಗೋಡೆಗಳು ಹಾಗೆಯೇ ನೀರಿನಡಿ ಹೋದವು. ಬಂದದ್ದು ಹೆಂಗಸರ ಕೈಯಲ್ಲಿದ್ದ ಚಿತ್ತಾರ ಮಾತ್ರ. ಅವರು ಹೊಸ ಜಾಗದಲ್ಲಿ ಗುಡಿಸಲಿನ ಮಣ್ಣುಗೋಡೆ ಒಣಗುವ ಮೊದಲೇ ಕೆಮ್ಮಣ್ಣು ಬಳಿದು ಮತ್ತೆ ಬರೆದರಂತೆ. ಅದೇ ಜನ ವಾರಕ್ಕೊಂದು ದಿನ ಕೂಲಿ ಬಿಟ್ಟು, ಕಲ್ಲು ಹೊತ್ತು ಕಟ್ಟಿದ ಭವನ ಇದು. 1951ರ ಕಾಗೋಡು ಸತ್ಯಾಗ್ರಹದ ಸೀಮೆಯವರು ನಾವು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಜಮೀನಿನ ಒಡೆಯರೆದುರು ನಿಂತ ಗೇಣಿದಾರರ ಮಕ್ಕಳು, ಮೊಮ್ಮಕ್ಕಳು. ಮಾಡಿನ ದುರಸ್ತಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೈಯೊಡ್ಡುವುದು ನಮಗೆ ಸುಲಭವಲ್ಲ ಎಂಬುದಷ್ಟೇ ಸಂಬಂಧ.

ಸ್ಪರ್ಧೆ ಶುರುವಾದದ್ದೂ ಗೋಡೆಗಳ ಕಾರಣದಿಂದಲೇ. ಊರಿನಲ್ಲಿ ಒಂದೊಂದಾಗಿ ಮಣ್ಣಿನ ಮನೆಗಳು ಹೋಗಿ ಸಿಮೆಂಟಿನ ಮನೆಗಳು ಬಂದವು. ಒಳ್ಳೆಯದೇ ಆಯಿತು, ಸೋರುವ ಮನೆಯಲ್ಲಿ ಯಾರು ತಾನೇ ಇರಬೇಕು? ಆದರೆ ನುಣುಪಾದ ಬಣ್ಣದ ಗೋಡೆಯ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ. ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು, ಹಸೆಗೋಡೆಯ ಜಾಗಕ್ಕೆ ಅಚ್ಚು ಹಾಕಿಸಿದ ಬ್ಯಾನರ್ ಬಂತು. ಉಳಿದದ್ದು ಭೂಮಣ್ಣಿ ಬುಟ್ಟಿ ಒಂದೇ. ಬಸುರಿಯಾದ ಭೂಮಿತಾಯಿಗೆ ಬಯಕೆ ಬಡಿಸಲು ನೂರೊಂದು ಕುಡಿಯ ಸೊಪ್ಪು ಬೇಯಿಸಿ, ಬೆಳಗಿನ ಜಾವ ಗದ್ದೆಗೆ ಹೊತ್ತೊಯ್ಯುವ ಬುಟ್ಟಿ. ಅದಕ್ಕೂ ಬರೆಯುವ ಕೈಗಳು ಕಡಿಮೆಯಾಗುತ್ತಾ ಬಂದಾಗ ಹೈಸ್ಕೂಲು, ಕಾಲೇಜಿನ ಮಕ್ಕಳನ್ನು ಒಂದು ದಿನ ಭವನದಲ್ಲಿ ಕೂರಿಸೋಣ ಎಂದು ಹೊರಟೆವು. ಮೊದಲ ವರ್ಷ ಬಂದವರು ಹದಿನೇಳು ಮಂದಿ. ಹೋದ ವರ್ಷ ಕೂರಲು ಜಾಗವಿಲ್ಲದೆ ಜಗಲಿಯಲ್ಲಿ ಚಾಪೆ ಹಾಸಿದೆವು.

ನಿಯಮಗಳು ನಿಮಗೆ ನೆನಪಿರಬಹುದು. ಕುಂಚ ಪುಂಡಿನಾರಿನದು, ಅದನ್ನು ಸ್ಪರ್ಧಿಯೇ ಜಜ್ಜಿ ಕಟ್ಟಿಕೊಂಡು ಬರಬೇಕು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಸೀದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅಂಗಡಿಯ ಬಣ್ಣ ಕೂಡದು. ಹಲಗೆಗಳು ತೊಳೆದುಹೋದ ದಿನ ನಮ್ಮ ಖಜಾಂಚಿಗಳು, "ಅಕ್ರಿಲಿಕ್ ಆಗಿದ್ದರೆ ಇವತ್ತು ಒಂದೂ ಹಾಳಾಗುತ್ತಿರಲಿಲ್ಲ" ಎಂದರು. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೂ ಸಭೆಯಲ್ಲಿ ಯಾರೂ ಒಪ್ಪಲಿಲ್ಲ. ತೀರ್ಪುಗಾರರಾದ ಅಜ್ಜಿಯಂದಿರಂತೂ ನಕ್ಕುಬಿಟ್ಟರು. ಬುಟ್ಟಿಯನ್ನು ಪ್ರತಿ ವರ್ಷ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುವವರಿಗೆ ಅಳಿಸಿಹೋಗುವುದು ಅಷ್ಟು ದೊಡ್ಡ ಸಂಗತಿಯಲ್ಲ. ಹೊಟ್ಟೆ ಉರಿದದ್ದು ನಮಗೆ, ಫೋಟೊ ಕೂಡ ತೆಗೆದಿಡದ ನಮಗೆ.

ಈ ಅಜ್ಜಿಯಂದಿರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂವರಲ್ಲಿ ಇಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊದಲ ವರ್ಷ ಅವರ ಕೈಗೆ ಅಂಕಪಟ್ಟಿ ಕೊಟ್ಟು ನಗೆಪಾಟಲಾದವರು ನಾವೇ. ಅವರು ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಳೆಯ ಜೊತೆಗೆ ಬೆರಳು ಓಡಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಎಲ್ಲರೂ ಮೊದಲ ಬಹುಮಾನ ಇದಕ್ಕೇ ಎಂದುಕೊಂಡಿದ್ದ ತೇರಿನ ಹಲಗೆಯನ್ನು ಹಿರಿಯ ಅಜ್ಜಿ ಬದಿಗೆ ಸರಿಸಿದರು. "ಇದು ಪಟ್ಟಿ ಇಟ್ಟು ಎಳೆದದ್ದು" ಎಂದರು. ಹುಡುಗಿ ಮೊದಲು ಇಲ್ಲವೆಂದಳು, ಆಮೇಲೆ ಅತ್ತಳು, ಮತ್ತೆ ಒಪ್ಪಿಕೊಂಡಳು. ಅಜ್ಜಿ ಬೈಯಲಿಲ್ಲ. ತಮ್ಮ ಮನೆಗೆ ಬರಲು ಹೇಳಿದರು. ಇಡೀ ರಜೆ ಆ ಹುಡುಗಿ ಅವರ ಜಗಲಿಯಲ್ಲಿ ಎಳೆ ಎಳೆಯುವುದನ್ನು ಕಲಿತಳು. ಈಗ ಅವಳು ದಾವಣಗೆರೆಯಲ್ಲಿ ದೃಶ್ಯಕಲೆ ಓದುತ್ತಿದ್ದಾಳೆ. ಕಳೆದ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ತನ್ನ ಆರು ಚಿತ್ತಾರಗಳನ್ನೂ ಮಾರಿ ಬಂದು, ಅದರಲ್ಲಿ ಎರಡು ಸಾವಿರ ರೂಪಾಯಿಯನ್ನು ಭವನಕ್ಕೆ ಕೊಟ್ಟಳು. ನಾವು ಬೇಡವೆಂದರೂ ಕೇಳಲಿಲ್ಲ. ಹುಡುಗರಿಗೂ ಅವಕಾಶ ಕೊಡಬೇಕೇ ಎಂದು ಒಂದು ವರ್ಷ ದೊಡ್ಡ ಜಗಳವೇ ಆಗಿತ್ತು. ಚಿತ್ತಾರ ಹೆಂಗಸರ ಕೆಲಸ ಎಂದು ಪಟ್ಟು ಹಿಡಿದವರ ಮೊಮ್ಮಗನೇ ಮರುವರ್ಷ ಎರಡನೆಯ ಬಹುಮಾನ ಗೆದ್ದ ಮೇಲೆ ಆ ಮಾತು ನಿಂತಿತು.

ಇಲ್ಲಿಗೆ ಬರುವ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ತಾಯಂದಿರು ಅಡಿಕೆ ಸುಲಿಯುವ ಕೂಲಿಗೆ ಹೋಗುವವರು. ಹಿನ್ನೀರಿನ ಆಚೆಯ ಊರುಗಳ ಮಕ್ಕಳು ಲಾಂಚ್ ಇಲ್ಲವೇ ಬಸ್ಸು ಹಿಡಿದು ಹಿಂದಿನ ಸಂಜೆಯೇ ಬಂದು ಭವನದಲ್ಲಿ ಮಲಗುತ್ತಾರೆ. ಡ್ರಾಯಿಂಗ್ ಮಾಸ್ತರರೇ ಇಲ್ಲದ ಶಾಲೆಗಳಿಂದ ಬರುವವರೂ ಇದ್ದಾರೆ. ಅವರಿಂದ ಪ್ರವೇಶ ಶುಲ್ಕ ವಸೂಲು ಮಾಡಿ ಎಂದು ಸಲಹೆ ಕೊಟ್ಟವರುಂಟು. ನಾವು ಮಾಡುವುದಿಲ್ಲ.

ಈಗ ಲೆಕ್ಕ. ತೊಲೆ, ಪಕಾಸು, ರೀಪು, ಹಂಚು, ಕೂಲಿ ಎಲ್ಲ ಸೇರಿ ಮಾಡಿಗೆ ಹತ್ತಿರ ಹತ್ತಿರ ನಾಲ್ಕೂವರೆ ಲಕ್ಷ ರೂಪಾಯಿ ಬೇಕು ಎನ್ನುತ್ತಾರೆ ಮೇಸ್ತ್ರಿ. ತಗಡು ಹೊದಿಸಿದರೆ ಒಂದೂವರೆ ಲಕ್ಷ ಉಳಿಯುತ್ತದೆ ಎಂಬ ಮಾತೂ ಬಂತು. ಆದರೆ ಮಳೆ ಹೊಡೆಯುವಾಗ ತಗಡಿನ ಕೆಳಗೆ ಪಕ್ಕದವರ ಮಾತೂ ಕೇಳಿಸದು, ಬೇಸಿಗೆಯಲ್ಲಿ ಕೂರಲೂ ಆಗದು. ಬಹುಮತ ಹಂಚಿಗೇ ಬಿತ್ತು. ಹಳೆಯ ಹಂಚಿನಲ್ಲಿ ಒಡೆಯದೆ ಉಳಿದವನ್ನು ಯುವಕರು ಆರಿಸಿ, ತೊಳೆದು ಪೇರಿಸಿಟ್ಟಿದ್ದಾರೆ. ಸದಸ್ಯರ ವಂತಿಗೆಯಿಂದ ಒಂದೂಕಾಲು ಲಕ್ಷದಷ್ಟು ಕೂಡಿದೆ. ಸ್ಪರ್ಧೆಯ ಖರ್ಚು ಬೇರೆ: ಹಲಗೆ, ಬುಟ್ಟಿ, ಎರಡು ಹೊತ್ತಿನ ಊಟ, ಮಕ್ಕಳ ಬಸ್ ಚಾರ್ಜು, ಬಹುಮಾನ ಎಲ್ಲಕ್ಕೂ ಸುಮಾರು ಎಂಬತ್ತು ಸಾವಿರ. ಒಂದು ಮಗುವಿನ ಹಲಗೆ, ಊಟ, ಪ್ರಯಾಣಕ್ಕೆ ಆರುನೂರು ರೂಪಾಯಿ ಬೀಳುತ್ತದೆ ಎಂದು ಇಟ್ಟುಕೊಳ್ಳಿ.

ಗಡುವು ಚೌತಿ. ಅಷ್ಟರೊಳಗೆ ಮರಕ್ಕೆ ಮುಂಗಡ ಕೊಟ್ಟರೆ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮಾಡು ಏರಿಸಿಕೊಡುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದಾರೆ. ತಪ್ಪಿದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ಮುಂದೆ ಅಡಿಕೆ ಕೊಯ್ಲು ಶುರುವಾದರೆ ಇಡೀ ತಾಲ್ಲೂಕಿನಲ್ಲಿ ಆಳುಗಳು ಸಿಗುವುದಿಲ್ಲ, ಇದನ್ನು ತೋಟ ಇರುವ ನಿಮಗೆ ನಾವು ವಿವರಿಸಬೇಕಿಲ್ಲ. ಕೊಳೆರೋಗದಿಂದ ನಿಮ್ಮಲ್ಲಿ ಹಲವರಿಗೆ ಈ ವರ್ಷ ಕೈ ಬಿಗಿ ಇರುವುದೂ ಗೊತ್ತಿದೆ. ಆದ್ದರಿಂದ ಇಷ್ಟೇ ಎಂದು ಕೇಳುತ್ತಿಲ್ಲ. ಮರ, ಹಂಚು, ಅಕ್ಕಿ, ತೆಂಗಿನಕಾಯಿ ಯಾವ ರೂಪದಲ್ಲಿ ಕೊಟ್ಟರೂ ಆದೀತು. ಒಂದು ಭಾನುವಾರದ ಶ್ರಮದಾನವೂ ಆದೀತು. ಬೆಂಗಳೂರು, ಮುಂಬೈಗಳಲ್ಲಿರುವ ನಮ್ಮವರು ಹಣವನ್ನೇ ಕಳಿಸಿದರೆ ಅನುಕೂಲ. ಖಾತೆಯ ವಿವರ ಜೊತೆಗಿರುವ ಹಾಳೆಯಲ್ಲಿದೆ. ಕೊಟ್ಟ ಪ್ರತಿಯೊಂದಕ್ಕೂ ರಸೀದಿ ಬರುತ್ತದೆ, ಜಮಾ ಖರ್ಚನ್ನು ಸ್ಪರ್ಧೆಯ ದಿನವೇ ಭವನದ ಬಾಗಿಲಿಗೆ ಅಂಟಿಸುತ್ತೇವೆ.

ಮಾಡು ಏರದಿದ್ದರೂ ಸ್ಪರ್ಧೆ ನಿಲ್ಲದು. ಅಡಿಕೆ ದಬ್ಬೆ ಹಾಕಿ ಅಂಗಳದಲ್ಲಿ ಚಪ್ಪರ ಕಟ್ಟುತ್ತೇವೆ. ಆದರೆ ಚಿತ್ತೆ, ಸ್ವಾತಿಯ ಮಳೆ ಚಪ್ಪರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಕ್ಕಿಹಿಟ್ಟಿನ ಬಿಳಿಗೆ ಒಂದು ಹನಿ ಸಾಕು.

ಇನ್ನೊಂದು ಕೋರಿಕೆ, ಇದಕ್ಕೆ ಖರ್ಚಿಲ್ಲ. ಹಿಂದಿನ ಸ್ಪರ್ಧೆಗಳಿಗೆ ಬಂದವರ ಮೊಬೈಲ್‌ಗಳಲ್ಲಿ ಆ ಹಲಗೆಗಳ ಫೋಟೊ ಇದ್ದೀತು. ಮಕ್ಕಳ ಹಿಂದೆ ಅರ್ಧ ಕಾಣುವಂಥದ್ದಾದರೂ ಸರಿ, ಕಳುಹಿಸಿಕೊಡಿ. ಅರುವತ್ತೆರಡು ಹಲಗೆಗಳನ್ನು ಒಣಗಿಸಿ, ಹೆಸರಿನ ಪ್ರಕಾರ ಗೋಡೆಗೆ ಒರಗಿಸಿಟ್ಟಿದ್ದೇವೆ. ಬರೆದವರು ಬಂದು ಮತ್ತೆ ಬರೆಯಲು ಒಪ್ಪಿದ್ದಾರೆ. ಏನು ಬರೆದಿದ್ದೆವೆಂದು ಕೆಲವರಿಗೆ ನೆನಪಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಭವನದ ಧರ್ಮದರ್ಶಿಗಳ ಪರವಾಗಿ ಕಾರ್ಯದರ್ಶಿ