ಆದೇಶದ ತಾರೀಖು ನೋಡು ಪುಟ್ಟಿ

ಮೂಡಿಗೆರೆ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹೊಳವಾಗಿಲ್ಲ, ಗಾಳಿಗೆ ನೆಟ್‌ವರ್ಕ್ ನಿಲ್ಲುವುದಿಲ್ಲ, ಅದಕ್ಕೇ ಕಾಗದ. ಫೋನಿನಲ್ಲಿ ಹೇಳದ್ದಕ್ಕೆ ಬೇರೆ ಕಾರಣ ಹುಡುಕಬೇಡ.

ಜಡ್ಜ್ ಸಹಿಯ ವಾರಂಟೇ ಇಲ್ಲದೆ ಪೊಲೀಸರು ಕಕ್ಷಿದಾರನ ಫೋನ್ ಮಾತನ್ನೆಲ್ಲ ರೆಕಾರ್ಡ್ ಮಾಡಿದ್ದಾರೆ, ಇದೊಂದೇ ಪಾಯಿಂಟಿಗೆ ಕೇಸು ಬೀಳಬೇಕಲ್ಲವಾ ಅಂತ ಕೇಳಿದ್ದೀಯ. ಬೀಳುವುದಿಲ್ಲ. ಹಾಸನದ ಕೋರ್ಟಿನಲ್ಲಿ ಹಾಗೆ ವಾದಿಸಿದರೆ ಪಿಪಿ (ಸರ್ಕಾರಿ ವಕೀಲರು) ಎರಡು ನಿಮಿಷದಲ್ಲಿ ನಿನ್ನನ್ನು ಕೂರಿಸುತ್ತಾರೆ. ನಮ್ಮಲ್ಲಿ ಫೋನ್ ಕದ್ದಾಲಿಕೆಗೆ ನ್ಯಾಯಾಧೀಶರ ಅನುಮತಿ 1885ರ ಟೆಲಿಗ್ರಾಫ್ ಕಾಯ್ದೆಯ ಕಲಂ 5(2)ರಲ್ಲೂ ಬೇಕಿರಲಿಲ್ಲ, 2023ರ ದೂರಸಂಪರ್ಕ ಕಾಯ್ದೆಯ 20(2)ರಲ್ಲೂ ಬೇಕಿಲ್ಲ. 1996ರ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ಕೇಸಿನಲ್ಲಿ ಅದನ್ನೇ ಕೇಳಿಕೊಂಡಿದ್ದರು. ಕಾನೂನಿನಲ್ಲಿ ಇಲ್ಲದ್ದನ್ನು ನಾವು ಸೇರಿಸಲಾರೆವು ಎಂದು ಸುಪ್ರೀಂ ಕೋರ್ಟ್ ಕೈಬಿಟ್ಟಿತು. ಬದಲಿಗೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ, ಅವಧಿಗೆ ಮಿತಿ, ಅಧಿಕಾರಿಗಳದೇ ಒಂದು ಪರಿಶೀಲನಾ ಸಮಿತಿ, ಇಷ್ಟನ್ನು ಕಟ್ಟಿಕೊಟ್ಟಿತು. ಇವತ್ತಿಗೂ ಇರುವುದು ಅಷ್ಟೇ. ಆದ್ದರಿಂದ ವಾರಂಟ್ ಇಲ್ಲ ಅನ್ನುವುದನ್ನು ಬಿಡು, ಇರುವ ಆದೇಶವನ್ನು ಹಿಡಿ.

ಆ ಆದೇಶದ ಪ್ರತಿ ಚಾರ್ಜ್‌ಶೀಟಿನ ಜೊತೆ ಬಂದಿದೆಯಾ ನೋಡು. ಬಿಎನ್‌ಎಸ್‌ಎಸ್ (ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು) 230ರಂತೆ ಕೊಡುವ ದಾಖಲೆಗಳಲ್ಲಿ ಇಲ್ಲದಿದ್ದರೆ ಅರ್ಜಿ ಹಾಕಿ ಕೇಳು, ಮೆಮೊ ಕೊಟ್ಟು ಸುಮ್ಮನಾಗಬೇಡ. ಸಾಮಾನ್ಯವಾಗಿ ಅದು ಒಂದೇ ಹಾಳೆ. ಕಲಂನ ಮಾತುಗಳನ್ನೇ ಮೇಲಿಂದ ಕೆಳಗೆ ಇಳಿಸಿ, ನಡುವೆ ಮೊಬೈಲ್ ನಂಬರು ತುಂಬಿರುತ್ತಾರೆ. ಕಾರಣವನ್ನು ಆದೇಶದಲ್ಲೇ ಬರೆಯಬೇಕು ಎಂದು ನಿಯಮ ಹೇಳುತ್ತದೆ. ಕಲಂ ನಕಲು ಮಾಡಿದರೆ ಅದು ಕಾರಣವಲ್ಲ.

ಆಮೇಲೆ ತಾರೀಖು. 2024ರ ಡಿಸೆಂಬರ್ 6ಕ್ಕೆ ಕದ್ದಾಲಿಕೆಗೆ ಹೊಸ ನಿಯಮಗಳು ಬಂದವು, ಅದಕ್ಕೆ ಮುಂಚಿನ ಆದೇಶವಾದರೆ ಹಳೆಯ ಟೆಲಿಗ್ರಾಫ್ ನಿಯಮ 419ಎ. ಒಂದು ಆದೇಶಕ್ಕೆ 60 ದಿನ ಆಯಸ್ಸು, ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಜನವರಿ 3ರ ಆದೇಶ ಅಂದುಕೋ. ಅವರ ಪರವಾಗಿಯೇ ಎಣಿಸಿದರೂ ಮಾರ್ಚ್ 4ಕ್ಕೆ ಮುಗಿಯಿತು. ರೆಕಾರ್ಡಿಂಗಿನ ಸಿಡಿಯಲ್ಲಿ ಮಾರ್ಚ್ 9ರ ಮಾತುಕತೆ ಇದ್ದು, ನಡುವೆ ಮುಂದುವರಿಕೆ ಆದೇಶ ಇಲ್ಲದಿದ್ದರೆ ಆ ಮಾತುಕತೆಗೆ ಅಪ್ಪ ಅಮ್ಮ ಇಲ್ಲ. ತನಿಖಾಧಿಕಾರಿಯ ಪಾಟೀಸವಾಲಿನಲ್ಲಿ ಇದನ್ನು ಮೊದಲೇ ಬಿಟ್ಟುಕೊಡಬೇಡ. ಪ್ರತಿ ರೆಕಾರ್ಡಿಂಗಿನ ತಾರೀಖು ಅವರ ಬಾಯಲ್ಲೇ ಹೇಳಿಸಿ, ಕಡೆಗೆ ಆದೇಶ ತೋರಿಸು.

ಸಹಿ ಯಾರದು ಎಂಬುದೂ ಅಷ್ಟೇ ಮುಖ್ಯ. ರಾಜ್ಯದಲ್ಲಿ ಸಹಿ ಹಾಕಬೇಕಾದವರು ಗೃಹ ಇಲಾಖೆಯ ಹೊಣೆ ಹೊತ್ತ ಕಾರ್ಯದರ್ಶಿ. ದೂರದ ಪ್ರದೇಶ, ಕಾರ್ಯಾಚರಣೆಯ ಅವಸರ ಎಂದು ಹೇಳಿ ಪೊಲೀಸ್ ಅಧಿಕಾರಿಯೇ ಆದೇಶ ಕೊಡಲು ಒಂದು ಕಿಂಡಿ ಇದೆ. ನಮ್ಮ ಮಲೆನಾಡಿನ ಕೇಸುಗಳಲ್ಲಿ ಈ ಕಿಂಡಿಯ ಮೇಲೆ ಕಣ್ಣಿಡು. ಆದರೆ ಅದನ್ನೂ ಐಜಿಪಿ (ಪೊಲೀಸ್ ಮಹಾನಿರೀಕ್ಷಕ) ದರ್ಜೆಗಿಂತ ಕೆಳಗಿನವರು ಹಾಕುವಂತಿಲ್ಲ. 3 ಕೆಲಸದ ದಿನದೊಳಗೆ ಗೃಹ ಕಾರ್ಯದರ್ಶಿಗೆ ತಿಳಿಸಬೇಕು, 7 ಕೆಲಸದ ದಿನದೊಳಗೆ ಅವರು ದೃಢೀಕರಿಸಬೇಕು. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಸರ್ಕಾರಿ ರಜೆ ಕಳೆದು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಎಣಿಸು. ದೃಢೀಕರಣ ಬರದಿದ್ದರೆ ಕೇಳಿದ್ದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ ಎಂದು 2024ರ ನಿಯಮವೇ ಹೇಳುತ್ತದೆ. ಇದನ್ನು ಅಂಡರ್‌ಲೈನ್ ಮಾಡಿಟ್ಟುಕೋ. ಯಾಕೆಂದರೆ ವಿಧಾನ ತಪ್ಪಿದ ಮಾತ್ರಕ್ಕೆ ರೆಕಾರ್ಡಿಂಗ್ ಸಾಕ್ಷ್ಯವಾಗದೆ ಹೋಗುವುದಿಲ್ಲ ಎಂಬ ಸುಪ್ರೀಂ ಕೋರ್ಟಿನ 2005ರ ನವಜೋತ್ ಸಂಧು ತೀರ್ಪನ್ನು ಪಿಪಿ ಹಿಡಿದು ಬಂದೇ ಬರುತ್ತಾರೆ. ಅದಕ್ಕೆ ಇನ್ನೊಂದು ಉತ್ತರವೂ ಇದೆ: ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಅದಾದ ಮೇಲೆ, 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು.

ಇನ್ನೊಂದು ಸೂಕ್ಷ್ಮ. 20(2)ರಲ್ಲಿ ಇರುವುದು ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ. ಅದು ಇದ್ದರೆ ಮಾತ್ರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ತಡೆಯುವುದು ಮುಂತಾದ ಕಾರಣ ಕೊಡಬಹುದು. 'ಅಪರಾಧದ ತನಿಖೆ' ಅನ್ನುವ ಮಾತು ಅಲ್ಲಿಲ್ಲ. ಅದು ಇರುವುದು ಕಂಪ್ಯೂಟರ್ ದತ್ತಾಂಶಕ್ಕೆ ಸಂಬಂಧಿಸಿದ ಐಟಿ ಕಾಯ್ದೆಯ 69ರಲ್ಲಿ. ಬರೀ ಲಂಚದ ಕೇಸಿಗೆ ಫೋನ್ ಕದ್ದಾಲಿಸುವ ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ಹೊಡೆದುಹಾಕಿತು, ಮದ್ರಾಸ್ ಹೈಕೋರ್ಟ್ 2025ರ ಜುಲೈನಲ್ಲಿ ಅದೇ ದಾರಿ ಹಿಡಿಯಿತು. ದೆಹಲಿ ಹೈಕೋರ್ಟ್ ಮಾತ್ರ ಅದಕ್ಕೆ ಸ್ವಲ್ಪ ಮುಂಚೆ ಉಲ್ಟಾ ಹೇಳಿದೆ. ಮೂರನ್ನೂ ಓದು. ಯಾವುದೂ ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದೇಶವನ್ನೇ ರದ್ದು ಮಾಡಿಸಬೇಕೆಂದರೆ ರಿಟ್ ಅರ್ಜಿ ಹಾಕಲು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕು.

ಪರಿಶೀಲನಾ ಸಮಿತಿ ಇದೆಯಲ್ಲ, ಅಲ್ಲಿಗೆ ಹೋಗೋಣವಾ ಅಂದಿದ್ದೀಯ. ರಾಜ್ಯದಲ್ಲಿ ಅದರ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ, ಸದಸ್ಯರೂ ಕಾರ್ಯದರ್ಶಿಗಳೇ. ಹೊರಗಿನವರು ಒಬ್ಬರೂ ಇಲ್ಲ, ಕದ್ದಾಲಿಸಿಕೊಂಡವನನ್ನು ಕರೆಯುವ ಪದ್ಧತಿಯೂ ಇಲ್ಲ. ಸೇರುವುದು 2 ತಿಂಗಳಿಗೊಮ್ಮೆ. ಕೇಂದ್ರದ ಸಮಿತಿಯ ಮುಂದೆ ಒಂದೊಂದು ಸಭೆಗೆ 15,000ದಿಂದ 18,000 ಆದೇಶ ಬರುತ್ತವೆ ಎಂದು ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆದಿದೆ. ನೀನೇ ಲೆಕ್ಕ ಹಾಕು, ಊಟ ಬಿಟ್ಟು 8 ಗಂಟೆ ಕೂತರೂ ಒಂದು ಆದೇಶಕ್ಕೆ 2 ಸೆಕೆಂಡು ದಕ್ಕುವುದಿಲ್ಲ. ಕಾಫಿ ಬೀಜ ಆರಿಸುವವರೂ ಅಷ್ಟು ಬೇಗ ಆರಿಸುವುದಿಲ್ಲ.

ಶಾಸಕರ ಹತ್ತಿರ ಹೋಗುತ್ತೇನೆ ಅಂತ ನಿನ್ನ ಕಕ್ಷಿದಾರ ಕುಣಿಯುತ್ತಿದ್ದಾನಂತೆ. ಹೋಗಲಿ, ಆದರೆ ಆಸೆ ಕಟ್ಟಬೇಡ. ಸಂಸತ್ತಿನಲ್ಲೇ ಏನಾಯಿತು ನೋಡು: ದೂರಸಂಪರ್ಕ ಮಸೂದೆ ಲೋಕಸಭೆಗೆ ಬಂದದ್ದು 2023ರ ಡಿಸೆಂಬರ್ 18ಕ್ಕೆ. 20ಕ್ಕೆ ಅಲ್ಲಿ ಪಾಸಾಗಿ 21ಕ್ಕೆ ರಾಜ್ಯಸಭೆಯಲ್ಲೂ ಮುಗಿಯಿತು. ಸ್ಥಾಯಿ ಸಮಿತಿಗೆ ಹೋಗಲೇ ಇಲ್ಲ. ಆ ಅಧಿವೇಶನದಲ್ಲಿ ಅಮಾನತಾದ ಸಂಸದರೇ 146 ಮಂದಿ. ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡಲೆಂದೇ ಇರುವ ಸಂಸದೀಯ ಸಮಿತಿ ನಮ್ಮಲ್ಲಿಲ್ಲ. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಫೋನ್ ಗೂಢಚರ್ಯೆ ತಂತ್ರಾಂಶದ ವಿಚಾರಕ್ಕೆ ಸಂಸತ್ತಿನ ಐಟಿ ಸ್ಥಾಯಿ ಸಮಿತಿ ಕರೆದಾಗ ಇಲಾಖೆಗಳ ಅಧಿಕಾರಿಗಳೇ ಬರಲಿಲ್ಲ, ಕೋರಮ್ಮೂ ಆಗಲಿಲ್ಲ. ಅಮೆರಿಕದಲ್ಲಿ ಸಮಿತಿಗಳೂ ಉಂಟು, ಗುಟ್ಟಿನ ಕೋರ್ಟೂ ಉಂಟು. ಆದರೂ 2024ರ ಏಪ್ರಿಲ್‌ನಲ್ಲಿ, ಅವರ ವಿದೇಶಿ ಗೂಢಚರ್ಯೆ ಕಾಯ್ದೆಯ 702ನೇ ಕಲಂನಡಿ ಕೂಡಿಟ್ಟ ಸಂದೇಶಗಳ ರಾಶಿಯಲ್ಲಿ ಸ್ವಂತ ನಾಗರಿಕರ ಮಾತು ಹುಡುಕಲು ವಾರಂಟ್ ಬೇಕು ಎಂಬ ತಿದ್ದುಪಡಿ ಕೆಳಮನೆಯಲ್ಲಿ 212–212 ಸಮನಾಗಿ ಬಿದ್ದುಹೋಯಿತು. ನಮ್ಮ ರಾಜ್ಯದಲ್ಲಿ ಕದ್ದಾಲಿಕೆಯ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು, ನಿಜ. ಅಲ್ಲಿ ಕದ್ದಾಲಿಸಿಕೊಂಡವರು ರಾಜಕಾರಣಿಗಳು. ನಿನ್ನ ಕಕ್ಷಿದಾರನಂಥ ಬೇಲೂರಿನ ಅಡಿಕೆ ವ್ಯಾಪಾರಿಗೆ ಯಾವ ಸರ್ಕಾರವೂ ಬೀಳುವುದಿಲ್ಲ.

ಶಾಸಕರು ಪ್ರಶ್ನೆ ಕೇಳಲು ಒಪ್ಪಿದರೆ ಒಕ್ಕಣೆ ನೀನೇ ಬರೆದುಕೊಡು. 'ಇಂಥವರ ಫೋನ್ ಕದ್ದಾಲಿಸಲಾಗಿದೆಯೇ' ಎಂದರೆ ಭದ್ರತೆಯ ಹೆಸರಿನಲ್ಲಿ ಒಂದೇ ಸಾಲಿನ ಉತ್ತರ. ಕಳೆದ ಎರಡು ವರ್ಷದಲ್ಲಿ ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಆದೇಶ ನೋಡಿತು, ಎಷ್ಟನ್ನು ತಳ್ಳಿಹಾಕಿತು ಎಂದು ಕೇಳಿಸು. ಇದರಲ್ಲಿ ಯಾರ ಹೆಸರೂ ಇಲ್ಲ, ಗುಟ್ಟೂ ಇಲ್ಲ. ಉತ್ತರಿಸದಿದ್ದರೆ ಆ ಉತ್ತರಿಸದ್ದೇ ಕಡತದಲ್ಲಿ ಉಳಿಯುತ್ತದೆ, ರಿಟ್‌ಗೆ ಲಗತ್ತಿಸಲು ಬರುತ್ತದೆ.

ಸಿಡಿಆರ್ (ಕರೆ ವಿವರಗಳ ಪಟ್ಟಿ) ಬೇರೆ, ಕದ್ದಾಲಿಕೆ ಬೇರೆ. ಯಾರು ಯಾರಿಗೆ, ಯಾವಾಗ, ಎಷ್ಟು ಸೆಕೆಂಡು, ಯಾವ ಟವರು ಎಂಬುದಕ್ಕೆ ಗೃಹ ಕಾರ್ಯದರ್ಶಿಯೂ ಬೇಡ, ಬಿಎನ್‌ಎಸ್‌ಎಸ್ 94ರ ಕೆಳಗೆ ಪೊಲೀಸರು ಪತ್ರ ಬರೆದರೆ ಕಂಪನಿ ಕೊಡುತ್ತದೆ. ಆದರೆ ಇದು ನಿನ್ನ ಕೈಗೂ ಆಯುಧ. ರೆಕಾರ್ಡಿಂಗ್ 4 ನಿಮಿಷ 10 ಸೆಕೆಂಡು ಇದ್ದು ಸಿಡಿಆರ್‌ನಲ್ಲಿ ಆ ಕರೆ 3 ನಿಮಿಷ 40 ಸೆಕೆಂಡು ಎಂದಿದ್ದರೆ ಉಳಿದ ಅರ್ಧ ನಿಮಿಷ ಎಲ್ಲಿಂದ ಬಂತು? ಒಂದೊಂದು ಕರೆಯನ್ನೂ ಹೀಗೆ ಪಕ್ಕಪಕ್ಕ ಇಟ್ಟು ತಾಳೆ ನೋಡು. ಟವರ್ ಹಿಡಿದು 'ಅಲ್ಲೇ ಇದ್ದ' ಎಂದರೆ ಒಪ್ಪಬೇಡ; ನಮ್ಮ ಕಡೆ ಒಂದು ಟವರಿನ ಕೆಳಗೆ ನಾಲ್ಕಾರು ಎಸ್ಟೇಟ್ ಬರುತ್ತವೆ, ಗುಡ್ಡದ ನೆತ್ತಿಯಲ್ಲಿ ನಿಂತರೆ ಹತ್ತಿರದ್ದು ಬಿಟ್ಟು ಕಣಿವೆಯಾಚೆಯ ಟವರ್ ಹಿಡಿಯುತ್ತದೆ. ಕಂಪನಿಗಳು ಸಿಡಿಆರ್ ಇಡಬೇಕಾದದ್ದು 2 ವರ್ಷ. ಕದ್ದಾಲಿಸಿದ ದಾಖಲೆಯನ್ನು ಬೇಕಿಲ್ಲದಿದ್ದರೆ 6 ತಿಂಗಳಿಗೆ ಅಳಿಸುತ್ತಾರೆ. ಹಾಗಾಗಿ ಎರಡನ್ನೂ ಅಳಿಸದೆ ಕಾದಿರಿಸಲು ನಿರ್ದೇಶನ ಕೊಡಿ ಎಂಬ ಅರ್ಜಿ ಈ ವಾರವೇ ಹೋಗಲಿ.

ಸಿಡಿಗೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಂತೆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಇರಬೇಕು, ಎ ಮತ್ತು ಬಿ ಎರಡೂ ಭಾಗ. ಹ್ಯಾಶ್ ಸಂಖ್ಯೆಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ಜಾಗ ಖಾಲಿ ಬಿಟ್ಟಿದ್ದಾರಾ ನೋಡು. ಜಪ್ತಿಯಾದ ಫೋನಿನ ವಿಚಾರಕ್ಕೆ ನಮ್ಮದೇ ಹೈಕೋರ್ಟಿನ 2021ರ ವೀರೇಂದ್ರ ಖನ್ನಾ ತೀರ್ಪು ಓದು. ಫೋನ್ ಒಳಗೆ ಹುಡುಕಲು ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು, ಸಿಗ್ನಲ್ ತಾಗದ ಫ್ಯಾರಡೇ ಚೀಲದಲ್ಲಿ ಫೋನ್ ಕಟ್ಟಬೇಕು ಎಂದಿದೆ. ಮಹಜರಿನಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಎಂದಷ್ಟೇ ಇದ್ದರೆ ಆ ಫೋನು ನೆಟ್‌ವರ್ಕಿನಲ್ಲೇ ಇದ್ದಿರಬಹುದು ಎಂದು ಅರ್ಥ. ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅರ್ಧ ಓದಿ ಕೋರ್ಟಿಗೆ ಹೋಗಬೇಡ.

ಮಹಜರು, ಆದೇಶ, ಸಿಡಿಆರ್ ಮೂರರ ಜೆರಾಕ್ಸ್ ಮಾಡಿಸಿ ಶನಿವಾರ ಬರುವಾಗ ತಾ. ಸಿಡಿಆರ್ ಮಾತ್ರ ಎ3 ಹಾಳೆಯಲ್ಲಿ ಮಾಡಿಸು, ನನಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ದೊಡ್ಡಮ್ಮ ಕೆಸುವಿನ ಪತ್ರೊಡೆ ಮಾಡುತ್ತಾಳಂತೆ.

ಇಂತಿ,
ನಿನ್ನ ದೊಡ್ಡಪ್ಪ